ಇಪ್ಪತ್ತಾರು ವರ್ಷಕ್ಕೊಂದು ದೂರು

ಕೀಲಿಯಣ್ಣ ಎಂದು ಅವನಿಗೆ ಹೆಸರಿಟ್ಟವರು ಗೋದಾಮಿನ ಹಮಾಲರು. ಅವನ ಲಾರಿಯಲ್ಲಿ ಮೂವತ್ತೊಂದು ಅಡುಗೆಮನೆಗಳ ಬೀಗದ ಕೈಗಳಿದ್ದವು. ಎಲ್ಲವೂ ಗಂಡ ಹೆಂಡತಿಯೋ ಅಣ್ಣ ತಮ್ಮಂದಿರೋ ಸ್ವಂತವಾಗಿ ನಡೆಸುವ ಪಿಜ್ಜಾ ಅಂಗಡಿಗಳು, ಸಣ್ಣ ಹೋಟೆಲುಗಳು. ಅಡುಗೆಯವರು ಹತ್ತು ಗಂಟೆಗೆ ಬರುವಷ್ಟರಲ್ಲಿ ಮೈದಾ, ಚೀಸು, ಟೊಮೇಟೊ ಡಬ್ಬ, ಎಣ್ಣೆ ಟಿನ್ನು ಒಳಗಿರಬೇಕು. ಅದಕ್ಕೇ ಮಾಲೀಕರು ಸರಬರಾಜು ಮಾಡುವ ಡ್ರೈವರನ ಕೈಗೆ ಕೀಲಿಯನ್ನೇ ಕೊಟ್ಟುಬಿಡುವುದು ಈ ದಂಧೆಯ ಪದ್ಧತಿ. ಸ್ವಂತ ಅಳಿಯನಿಗೂ ಕೊಡದ ಕೀಲಿಯನ್ನು ಇವನಿಗೆ ಕೊಟ್ಟವರಿದ್ದರು.

ಕೊಡದೆ ಏನು ಮಾಡುತ್ತಾರೆ? ಮಾಲನ್ನು ಬಾಗಿಲೊಳಗೆ ಇಳಿಸಿದರೆ ಅವನ ಕೆಲಸ ಮುಗಿಯಿತು, ಕಂಪನಿ ಸಂಬಳ ಕೊಡುವುದು ಅಷ್ಟಕ್ಕೇ. ಈ ಮಹಾನುಭಾವ ಮಾತ್ರ ಮಾಲು ಕೆಡದಂತಿಡುವ ತಣ್ಣನೆಯ ಕೋಣೆಯೊಳಗೆ ನುಗ್ಗಿ, ಹಳೆಯ ಚೀಸನ್ನು ಮುಂದಕ್ಕೆಳೆದು, ಹೊಸದನ್ನು ಹಿಂದಿಟ್ಟು, ಡಬ್ಬಗಳ ತಾರೀಖು ಕಾಣುವಂತೆ ತಿರುಗಿಸಿಟ್ಟು ಬರುತ್ತಿದ್ದ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ಅದು ಅವನ ಏಕೈಕ ಜಂಬ. ಊಟಕ್ಕೆ ಕೂತಾಗ ಹೆಂಡತಿಗೆ ವಾರಕ್ಕೊಮ್ಮೆಯಾದರೂ ಅದನ್ನು ಹೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಮಂಡಿಗಳು ಮಾತ್ರ ಈ ಜಂಬಕ್ಕೆ ಸೊಪ್ಪು ಹಾಕಲಿಲ್ಲ. ಐವತ್ತೇಳು ದಾಟುವಷ್ಟರಲ್ಲಿ ಎರಡೂ ಸವೆದಿದ್ದವು. ಇನ್ನೊಂದು ವರ್ಷ ಹೀಗೇ ಮೂಟೆ ಹೊತ್ತು ಮೆಟ್ಟಿಲಿಳಿದರೆ ಆಮೇಲೆ ಕೋಲೇ ಗತಿ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅದೇ ಸಮಯಕ್ಕೆ ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಲಾರಿಗೆ ಏರುವ ಮಾಲನ್ನು ತಾಳೆ ನೋಡುತ್ತಿದ್ದವನು ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಕೀಲಿಯಣ್ಣನಿಗೆ ಬೇಕಾಗಿದ್ದದ್ದು ಆ ಕುರ್ಚಿ. ಮೂರು ವರ್ಷದಿಂದ ಕೂತು ಮಾಡುವ ಕೆಲಸ ಕೇಳಿದಾಗಲೆಲ್ಲ ಮುಂದಿನ ಸಲ, ಮುಂದಿನ ಸಲ ಎಂದು ಮೂಗಿಗೆ ತುಪ್ಪ ಸವರುತ್ತ ಬಂದಿದ್ದ ಮ್ಯಾನೇಜರು ಈ ಸಲ ನಿಜವನ್ನೇ ಹೇಳಿದ.

"ನಿಮ್ಮ ಗಿರಾಕಿಗಳು ಬೇರೆಯವರಿಗೆ ಕೀಲಿ ಕೊಡಲ್ಲ ಅಂತಾರೆ ಅಣ್ಣಾ. ನಾನೇನು ಮಾಡ್ಲಿ? ನಿಮ್ಮ ಮೇಲೆ ಒಂದು ದೂರಾದ್ರೂ ಇದ್ದಿದ್ರೆ ರೂಟಿಂದ ತೆಗೀಬಹುದಿತ್ತು."

ಕೀಲಿ ಇಟ್ಟುಕೊಂಡವನ ಮೇಲೆ ಬರಹದಲ್ಲಿ ದೂರು ಬಂದರೆ ಅಷ್ಟೂ ಕೀಲಿಗಳನ್ನು ವಾಪಸ್ ಪಡೆಯಬೇಕೆಂಬುದು ಕಂಪನಿಯ ನಿಯಮ. ಮಾಡಿದ್ದುಣ್ಣೋ ಮಹರಾಯ ಎನ್ನುವುದನ್ನು ಕೆಟ್ಟದ್ದು ಮಾಡಿದವರಿಗಷ್ಟೇ ಹೇಳಿದ್ದೆಂದು ಅವನು ಅಲ್ಲಿಯವರೆಗೆ ತಿಳಿದುಕೊಂಡಿದ್ದ.

ಹಾಗಾದರೆ ಕೆಲಸ ಕೆಡಿಸಿ ಬಾ, ಎರಡು ದಿನದಲ್ಲಿ ದೂರು ತಾನಾಗಿ ಬರುತ್ತದೆ ಎಂದಳು ಹೆಂಡತಿ. ಮಾರನೆಯ ಬೆಳಿಗ್ಗೆ ಒಂದು ಅಂಗಡಿಯಲ್ಲಿ ಹೊಸ ಚೀಸನ್ನು ಬೇಕೆಂದೇ ಮುಂದಿಟ್ಟು ಬಂದ. ಲಾರಿ ಹತ್ತಿ ಎರಡು ಬೀದಿ ದಾಟಿದ. ಹಿಂದೆ ಉಳಿದ ಹಳೆಯ ಚೀಸು ಬೂಸ್ಟು ಹಿಡಿದಂತೆ ಕಣ್ಣಿಗೆ ಕಟ್ಟಿತು. ತಿರುಗಿ ಬಂದು, ಬೀಗ ತೆಗೆದು, ಎಲ್ಲವನ್ನೂ ಸರಿಮಾಡಿಟ್ಟು ಹೊರಟ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಲಾಭವೆಂದರೆ ಅವತ್ತು ಮಂಡಿ ಎರಡು ಪಟ್ಟು ನೋಯಿತು.

ಆ ವಾರವೇ ಒಲೆಯಮ್ಮ ಅವನನ್ನು ನೋಡಿದ್ದು. ಎಪ್ಪತ್ತರ ಹತ್ತಿರದ ಹೆಂಗಸು, ಸ್ವಂತ ಪಿಜ್ಜಾ ಅಂಗಡಿ, ಒಲೆಯ ಮುಂದಿನಿಂದ ಏಳುವವಳಲ್ಲ ಎಂದು ಆ ಹೆಸರು. ಅವಳ ಉಗ್ರಾಣ ನೆಲಮಾಳಿಗೆಯಲ್ಲಿತ್ತು, ಹದಿನಾಲ್ಕು ಕಡಿದಾದ ಮೆಟ್ಟಿಲು. ಅವತ್ತು ಹಿಟ್ಟು ನಾದಲು ಬೇಗ ಬಂದವಳು ಇಣುಕಿ ನೋಡಿದರೆ, ಕೀಲಿಯಣ್ಣ ಮೈದಾ ಮೂಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೂತಲ್ಲೇ ಒಂದೊಂದೇ ಮೆಟ್ಟಿಲು ಜಾರುತ್ತ ಇಳಿಯುತ್ತಿದ್ದ. ಅವನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ಎಷ್ಟು ದಿನದಿಂದ ಹೀಗೆ ಎಂದಳು. ಒಂದು ವರ್ಷದಿಂದ ಎಂದ. ಮೆಟ್ಟಿಲ ಮೇಲೆ ಕೂತೇ ಮಂಡಿಯ ಕಥೆ, ಕುರ್ಚಿಯ ಕಥೆ, ಹೆಂಡತಿಯ ಉಪಾಯ, ತಾನು ತಿರುಗಿ ಹೋಗಿ ಸರಿಮಾಡಿದ್ದು, ಎಲ್ಲವನ್ನೂ ಹೇಳಿಬಿಟ್ಟ. ಚೀಸಿನ ವಿಷಯಕ್ಕೆ ಒಲೆಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು.

ನಾಲ್ಕನೆಯ ದಿನ ಮ್ಯಾನೇಜರು ಕರೆದು ಒಂದು ಕಾಗದವನ್ನು ಮೇಜಿನ ಮೇಲೆ ಸರಿಸಿದ. ಒಲೆಯಮ್ಮನ ಅಂಗಡಿಯ ಮೊಹರಿತ್ತು. ಈ ಡ್ರೈವರು ಟೊಮೇಟೊ ಡಬ್ಬಗಳನ್ನು ಎತ್ತಿಹಾಕಿ ಜಜ್ಜುತ್ತಾನೆ, ಹಳೆಯ ಚೀಸನ್ನು ಹಿಂದೆ ಬಿಟ್ಟು ಕೊಳೆಯಿಸುತ್ತಾನೆ, ಹೇಳಿದರೆ ಎದುರು ಮಾತಾಡುತ್ತಾನೆ, ಇವನ ಕೈಯಲ್ಲಿ ಕೀಲಿ ಇರಕೂಡದು ಎಂದು ಬರೆದಿತ್ತು. ನಿಜವೆಂದು ಸಹಿ ಹಾಕಿದರೆ ರೂಟು ಹೋಗುತ್ತದೆ, ಗೇಟಿನ ಕುರ್ಚಿ ಸಿಗುತ್ತದೆ. ಸುಳ್ಳೆಂದರೆ ಮಾಮೂಲಿನಂತೆ ಲಾರಿ.

ಮೊದಲ ಸಲ ಓದಿದಾಗ ಅವನಿಗೆ ಮೈಯೆಲ್ಲ ಉರಿಯಿತು. ಎರಡನೆಯ ಸಲ ಓದುವಾಗ ಅಕ್ಷರಗಳು ಮಂಜಾದವು. ಇಷ್ಟು ವರ್ಷದಲ್ಲಿ ಆ ಹೆಂಗಸು ಒಂದು ಡಬ್ಬ ಹೆಚ್ಚು ಬಂದರೂ ಕರೆದು ವಾಪಸ್ ಕೊಟ್ಟವಳು. ಅವಳ ಬಾಯಲ್ಲಿ ಇಷ್ಟು ಸುಳ್ಳು ಒಟ್ಟಿಗೆ ಬರಬೇಕಾದರೆ ಎಷ್ಟು ಕಷ್ಟಪಟ್ಟಳೋ.

"ಎದುರು ಮಾತಾಡ್ತಾನೆ ಅನ್ನೋದೊಂದನ್ನ ತೆಗೀಬಹುದಾ?" ಎಂದು ಕೇಳಿದ.

ಆಗುವುದಿಲ್ಲ, ಪೂರ್ತಿ ಒಪ್ಪಬೇಕು ಎಂದ ಮ್ಯಾನೇಜರು. ಕೀಲಿಯಣ್ಣ ಪೂರ್ತಿ ಒಪ್ಪಿ ಸಹಿ ಹಾಕಿದ. ಸಂಜೆ ಹೆಂಡತಿಗೆ ಕುರ್ಚಿ ಸಿಕ್ಕಿತೆಂದಷ್ಟೇ ಹೇಳಿದ. ದೂರಿನ ವಿಷಯ ಮುಚ್ಚಿಟ್ಟ.

ಗೇಟಿನಲ್ಲಿ ಕೂತ ಮೊದಲ ದಿನ, ಲಾರಿಗಳೆಲ್ಲ ಹೊರಟ ಮೇಲೆ ಒಲೆಯಮ್ಮನಿಗೆ ಫೋನು ಮಾಡಿದ. ಏನು ಹೇಳಬೇಕೆಂದು ಬೆಳಗಿನಿಂದ ಜೋಡಿಸಿಕೊಂಡಿದ್ದ. ಅಮ್ಮಾ ಎನ್ನುವಷ್ಟರಲ್ಲೇ ಅವಳು ತಡೆದಳು.

"ಯಾರಾದ್ರೂ ಕೇಳಿಸ್ಕೊಂಡಾರು. ನಾವಿಬ್ರೂ ಚೆನ್ನಾಗಿದ್ದೀವಿ ಅಂತ ಗೊತ್ತಾದ್ರೆ ನಿನ್ನನ್ನ ಮತ್ತೆ ಲಾರಿ ಹತ್ತಿಸ್ತಾರೆ. ಇನ್ಮೇಲೆ ಫೋನ್ ಮಾಡ್ಬೇಡ, ಈ ಕಡೆ ಬರಲೂಬೇಡ. ಕೂತ್ಕೋ ತಮ್ಮಾ."

ಫೋನು ಇಟ್ಟ ಸದ್ದಾಯಿತು. ಅವನು ಅವಳು ಹೇಳಿದಂತೆ ಕೂತ. ಈ ಕೂರುವುದಕ್ಕಾಗಿಯೇ ಮೂರು ವರ್ಷ ಬೇಡಿದ್ದು. ಈಗ ಮಾತ್ರ ಎದ್ದುಹೋಗಿ ಆ ಹದಿನಾಲ್ಕು ಮೆಟ್ಟಿಲನ್ನೂ ಇಳಿದು ಬರಬೇಕೆನಿಸಿತು.