ನೀರೊಲೆಗೆ ಹಾಕಿದ ತಂತಿ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಅವ್ವ ಇರುವವರೆಗೆ ಬೇಡ ಅಂದುಕೊಂಡೆ. ಆಮೇಲೆ ಅಕ್ಕ ಇರುವವರೆಗೆ ಬೇಡ ಅಂದುಕೊಂಡೆ. ಈಗ ಇಬ್ಬರೂ ಇಲ್ಲ, ನೆವವೂ ಉಳಿದಿಲ್ಲ. ನಾನು ಆಡಿದ ಒಂದು ಸುಳ್ಳಿನಿಂದ, ಏನೂ ತಪ್ಪು ಮಾಡದ ಒಬ್ಬ ಹೆಣ್ಣುಮಗಳು ಬದುಕಿಡೀ ಅಪಶಕುನ ಅನ್ನಿಸಿಕೊಂಡಳು.

ನಮ್ಮದು ಚಳ್ಳಕೆರೆ ಸೀಮೆ, ತಳಕಿನ ಪಕ್ಕದ ಹಳ್ಳಿ. ಅಕ್ಕನನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಅಲ್ಲಿಂದ ಗಡಿ ದಾಟಿದರೆ ತೆಲುಗು ಸೀಮೆಯ ರೈಲು ಕಂಬಿ. ಭಾವ ಆ ಕಂಬಿ ಕಾಯುವ ಗ್ಯಾಂಗಿನಲ್ಲಿ ಮೇಸ್ತ್ರಿ. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ದೊರೆಗಳ ಜೊತೆ ಓಡಾಡಿ ಕಂಬಿಗೂ ಮಳೆಗೂ ಸಂಬಂಧಪಟ್ಟ ಇಂಗ್ಲಿಷ್ ಪದಗಳೆಲ್ಲ ಬಾಯಿಗೆ ಬಂದಿದ್ದವು. ದುರ್ಗದಲ್ಲಿ ಹೈಸ್ಕೂಲು ಓದಿ ಬಂದ ನನಗೆ ಪುಸ್ತಕದ ಇಂಗ್ಲಿಷ್ ಗೊತ್ತಿತ್ತು, ಆ ಪದಗಳು ಗೊತ್ತಿರಲಿಲ್ಲ. ರೈಲ್ವೆಯಲ್ಲಿ ಗುಮಾಸ್ತನಾಗುವ ಆಸೆಯಿಂದ ಒಂದು ನೋಟುಬುಕ್ಕು ಮಾಡಿದ್ದೆ. ಭಾವ ಬಂದಾಗಲೆಲ್ಲ ಜಗಲಿಯ ಮೇಲೆ ಕೂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ.

“ಬರಕೊಳ್ರಿ ಸ್ಟೇಷನ್ ಮಾಸ್ಟ್ರೇ,” ಎಂದು ಛೇಡಿಸುವರು. “ಡ್ರಿಜಲ್ ಅಂದ್ರೆ ಜಿನುಗು ಮಳೆ. ಗೋಣಿ ಹೊದ್ಕಂಡು ಕೆಲಸ ಮಾಡೋ ಮಳೆ. ಹೆವಿ ರೇನ್ ಅಂದ್ರೆ ಗೋಣೀನೂ ಬಿಸಾಕಿ ಓಡೋ ಮಳೆ.”

ಪ್ರತಿ ಪದಕ್ಕೂ ಅರ್ಥ ಬರೆದು, ಕೆಳಗೆ ‘ಬಳಕೆ’ ಎಂದು ಒಂದು ವಾಕ್ಯ ಬರೆಯುವುದು ನಮ್ಮ ಕ್ರಮ. ಕಲ್ವರ್ಟು, ಬ್ಯಾಲಸ್ಟು, ಗೇಜು, ಟ್ರಾಲಿ. ಒಂದು ಪುಟದಲ್ಲಿ ಹೀಗಿದೆ: ‘ವಾಷ್‌ಅವೇ: ನೀರು ನುಗ್ಗಿ ಕಂಬಿಯ ಕೆಳಗಿನ ಮಣ್ಣನ್ನು ಕೊಚ್ಚಿಕೊಂಡು ಹೋಗುವುದು. ಬಳಕೆ: ವಾಷ್‌ಅವೇ ಆದ ಕಡೆ ಕಂಬಿ ಅಂತರದಲ್ಲಿ ತೂಗಾಡುತ್ತದೆ, ಮೇಲಿಂದ ನೋಡಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ಕಾಲಿಡಬಾರದು.’ ಅಕ್ಷರ ನನ್ನದು, ಮಾತು ಅವರದು.

ಕಾರ್ತಿಕದಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡಿನ ಮನೆಯಲ್ಲೇ ಮದುವೆ ಮಾಡುವುದು ನಮ್ಮಲ್ಲಿ ರೂಢಿ. ಅಕ್ಕ ವಾರ ಮೊದಲೇ ಬಂದಳು. ಅವಳೇ ಕಳಸಗಿತ್ತಿ, ಮದುಮಗನ ಹಿಂದೆ ಕಳಸ ಹಿಡಿದು ನಿಲ್ಲುವವಳು ಮುತ್ತೈದೆಯೇ ಆಗಿರಬೇಕು. ಭಾವ ಧಾರೆಯ ಹಿಂದಿನ ದಿನ ಬರುವವರಿದ್ದರು.

ಆ ವಾರ ಮೂಡಣ ದಿಕ್ಕಿನಿಂದ ಮೋಡ ಕವಿಯಿತು. ನಮ್ಮ ಸೀಮೆಯಲ್ಲಿ ಮಳೆ ಬಂದರೆ ಜನ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಈ ಸಲ ಮಾತ್ರ ಮೂರು ದಿನ ಬಿಡದೆ ಹೊಯ್ದು ಎಲ್ಲರೂ ಸುಮ್ಮನಾದರು. ಚಪ್ಪರದ ಗರಿಯಿಂದ ನೀರು ಸೋರುತ್ತಿತ್ತು. ದನಗಳು ಮೇವು ಮುಟ್ಟಲಿಲ್ಲ.

ಧಾರೆಯ ಹಿಂದಿನ ದಿನ ಬೆಳಿಗ್ಗೆ, ಹೆಣ್ಣಿನವರ ಗಾಡಿಗಳು ಇನ್ನೂ ಊರ ಗಡಿ ದಾಟುವ ಮೊದಲು, ಟಪಾಲಿನವನು ಮೊಣಕಾಲುದ್ದ ಕೆಸರಾಗಿ ಬಂದು ತಂತಿ ಕೊಟ್ಟ. ತಂತಿ ಎಂದರೆ ಸಾವು ಎಂದೇ ಆಗ ಲೆಕ್ಕ. ಅವ್ವ ಒರಳು ಬಿಟ್ಟು ಎದ್ದು ನಿಂತಳು. ಅಕ್ಕ ಕೈಯಲ್ಲಿದ್ದ ಅರಿಶಿನವನ್ನು ಸೆರಗಿಗೆ ಒರೆಸಿಕೊಂಡಳು.

ಅದರಲ್ಲಿ ಇದ್ದದ್ದು ಇಷ್ಟು: ಹೆವಿ ರೇನ್, ವಾಷ್‌ಅವೇ, ಮೇಸ್ತ್ರಿ ಕಾಣೆಯಾಗಿದ್ದಾರೆ, ಹೆಂಡತಿಯನ್ನು ತಕ್ಷಣ ಕಳಿಸಿ.

“ಏನಂತಲೇ?” ಅಂದ ಅಪ್ಪ.

ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಕಾಣೆ ಎಂದರೆ ಸತ್ತಂತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ದಿನ ಕಳೆಯಲಿ ಎಂದುಕೊಂಡೆ. ಮದುವೆ ಮುರಿದೀತೆಂಬ ಹೆದರಿಕೆ ಇದೆಲ್ಲದರ ಅಡಿಯಲ್ಲಿ ಇತ್ತು.

“ಮಳೆ ಜಾಸ್ತಿ ಐತಂತೆ. ರಜಾ ಕೊಡಲಿಲ್ಲಂತೆ. ಭಾವ ಬರಲ್ಲ,” ಅಂದೆ.

ಅಕ್ಕ ಉಸಿರುಬಿಟ್ಟು ನಕ್ಕಳು. “ಹೆಂಡ್ತಿ ತಮ್ಮನ ಮದುವೀಗಿಂತ ಆ ಕಬ್ಬಿಣದ ಕಂಬೀನೇ ಹೆಚ್ಚಾತು ನೋಡವ್ವ. ಬರ್ಲಿ, ಕಂಬೀನೇ ಬಡಿಸ್ತೀನಿ ಊಟಕ್ಕೆ.”

ಮನೆಯೆಲ್ಲ ನಕ್ಕಿತು. ನಾನು ಬಚ್ಚಲಿಗೆ ಹೋಗಿ ತಂತಿಯನ್ನು ನೀರೊಲೆಗೆ ಹಾಕಿದೆ. ಹಸಿ ಕಾಗದ, ಬೇಗ ಹತ್ತಲಿಲ್ಲ. ಹತ್ತುವವರೆಗೂ ಕುಕ್ಕರಗಾಲಲ್ಲಿ ಕೂತು ನೋಡಿದೆ.

ಮರುದಿನ ಧಾರೆಯಾಯಿತು. ಅಕ್ಕ ಹಣೆತುಂಬ ಕುಂಕುಮವಿಟ್ಟು ನನ್ನ ಬೆನ್ನ ಹಿಂದೆ ಕಳಸ ಹಿಡಿದು ನಿಂತಿದ್ದಳು. ಅವಳ ಬಳೆ ಸದ್ದಾದಾಗಲೆಲ್ಲ ನಾನು ಊರ ದಾರಿಯ ಕಡೆ ನೋಡುತ್ತಿದ್ದೆ. ಸಂಜೆ ಹೊಸ ಹುಡುಗಿ ಹೊಸ್ತಿಲಲ್ಲಿಟ್ಟ ಅಕ್ಕಿಯ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಬಂದಳು.

ಮೂರನೆಯ ದಿನ ಕನ್ನಡ ಬಲ್ಲ ಗ್ಯಾಂಗಿನವನೊಬ್ಬ ಭಾವನ ಕೆಂಪು ಬಾವುಟ ಹಿಡಿದು ಅಂಗಳದಲ್ಲಿ ನಿಂತ. ಹಳ್ಳದ ಮರಳಿನಲ್ಲಿ ಮೊನ್ನೆ ಹೆಣ ಸಿಕ್ಕಿತು, ಯಾರೂ ಬಾರದ್ದರಿಂದ ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿದೆವು ಎಂದ. ಮೊನ್ನೆ ಎಂದರೆ ನನ್ನ ಧಾರೆಯ ದಿನ.

“ತಂತಿ ಕೊಟ್ಟಿದ್ವಲ್ರೀ?” ಅಂದ.

“ರಜಾ ಇಲ್ಲ ಅನ್ನೋ ತಂತಿ ಮಾತ್ರ ಬಂತು,” ಅಂದೆ. ಅಳುವಿನ ನಡುವೆ, ಭಾವ ಕೊಚ್ಚಿಹೋದದ್ದು ಯಾವತ್ತು ಎಂದು ಯಾರೂ ಕೇಳಲಿಲ್ಲ. ಯಾರಾದರೂ ಕೇಳುವ ಮೊದಲು ನಾನೇ ಅವನನ್ನು ಊರಾಚೆಯವರೆಗೆ ಕಳಿಸಿ ಬಂದೆ. ತಿಂಗಳು ಕಳೆದು ಅಕ್ಕ ಭಾವನನ್ನು ಹೂತ ಗುಡ್ಡೆ ನೋಡಲು ಹೋದಾಗಲೂ ಜೊತೆಗೆ ಹೋದವನು ನಾನೇ. ಅಲ್ಲಿದ್ದ ಗ್ಯಾಂಗಿನವರ ಮಾತೆಲ್ಲ ತೆಲುಗು, ಅಕ್ಕನಿಗೆ ಬಾರದು. ಅಲ್ಲಿ ಯಾರು ಏನೆಂದರು ಎಂದು ಅವಳಿಗೆ ಹೇಳಿದವನೂ ನಾನೇ.

ಹೊಸ ಸೊಸೆ ಮನೆ ತುಂಬಿದ ದಿನವೇ ಮಗಳ ಗಂಡ ಹೋದ ಎಂದು ಊರು ತೀರ್ಮಾನಿಸಿತು. “ನೀನು ಸೇರು ಒದ್ದಿದ್ದೇ ಒದ್ದಿದ್ದು, ನನ್ನ ಮಗಳ ಕುಂಕುಮ ಚೆಲ್ಲಿತು ಕಣೆ,” ಎಂದು ಅವ್ವ ಅಂದದ್ದು ಒಂದು ಸಲವಲ್ಲ. ಆ ಹುಡುಗಿ ಆರತಿಗೆ ಮುಂದೆ ಬರುವುದನ್ನು ಬಿಟ್ಟಳು. ಬಾಣಂತಿಯಿದ್ದ ಮನೆಗೆ ಹೋಗುವುದನ್ನು ಬಿಟ್ಟಳು. ಬಿತ್ತನೆಯ ದಿನ ಹೊಲದ ಬದುವಿನ ಮೇಲೆ ಕಾಲಿಡುತ್ತಿರಲಿಲ್ಲ.

ಅಕ್ಕ ನಮ್ಮಲ್ಲೇ ಉಳಿದಳು. ಮಳೆ ಹನಿ ಬಿದ್ದಾಗಲೆಲ್ಲ ನೋಟುಬುಕ್ಕು ತಂದು ನನ್ನ ಮುಂದಿಡುವಳು. “ಅವರ ಮಾತು ಓದೋ.” ನಾನು ಡ್ರಿಜಲ್ ಓದುತ್ತಿದ್ದೆ, ಕಲ್ವರ್ಟು ಓದುತ್ತಿದ್ದೆ. ವಾಷ್‌ಅವೇ ಪುಟ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದೆ. ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಒಳಗೆ ಆ ಹುಡುಗಿ ರೊಟ್ಟಿ ಬಡಿಯುವ ಸದ್ದು ಆಗ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಏಕೆ ನಿಲ್ಲುತ್ತಿತ್ತೆಂದು ನಾನು ಕೇಳಲಿಲ್ಲ.

ನಮ್ಮ ಮಗನ ಮದುವೆಯಲ್ಲಿ ಸೊಸೆ ಸೇರು ಒದೆಯುವ ಹೊತ್ತಿಗೆ ಅತ್ತೆಯಾಗಿ ಎದುರುಗೊಳ್ಳಬೇಕಾದವಳು ಎಲ್ಲೂ ಕಾಣಲಿಲ್ಲ. ಹುಡುಕಿದರೆ ಹಿತ್ತಲಿನ ಬಣವೆಯ ಮರೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. “ನನ್ನ ಕಾಲು ಆ ಹುಡುಗಿಗೆ ತಗುಲೋದು ಬ್ಯಾಡ. ನೀವು ಹೋಗ್ರಿ,” ಅಂದಳು. ಆಗಲೇ ಹೇಳಬಹುದಿತ್ತು. ಭಾವ ಸತ್ತದ್ದು ನೀನು ಊರಿಗೆ ಕಾಲಿಡುವ ಮೊದಲು ಎಂದು ಎಲ್ಲರೆದುರು ಒಂದೇ ವಾಕ್ಯ ಸಾಕಿತ್ತು. ಒಳಗೆ ಅಕ್ಕ ಕೂತಿದ್ದಳು. ನಾನು ಚಪ್ಪರಕ್ಕೆ ವಾಪಸು ಬಂದೆ.

ಹೋದ ವರ್ಷ ಮಳೆಗಾಲದಲ್ಲಿ, ಅಂದು ಬಣವೆಯ ಮರೆಯಲ್ಲಿ ಕೂತಿದ್ದವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ, “ನನ್ನ ಕಾಲ್ಗುಣ ಅಷ್ಟು ಕೆಟ್ಟದೇನ್ರಿ?” ಎಂದು ಕೇಳಿದಳು. ಹೊರಗೆ ಸೋನೆ ಹಿಡಿದಿತ್ತು. ನನ್ನ ಬಾಯಿಗೆ ಬಂದದ್ದು, “ಸುಮ್ನೆ ಮಲಗು,” ಅನ್ನುವ ಮಾತು. ಅವಳು ಗೋಡೆಯ ಕಡೆ ತಿರುಗಿದಳು. ನಾಲ್ಕನೆಯ ದಿನ ಹೋದಳು.

ನೋಟುಬುಕ್ಕು ಈಗ ನನ್ನ ತಲೆದಿಂಬಿನ ಕೆಳಗಿದೆ. ಆ ಪುಟ ಹಾಗೇ ಇದೆ. ಅದನ್ನು ಓದಿ ಹೇಳಬೇಕಾಗಿದ್ದದ್ದು ಅವಳಿಗೆ. ಒಮ್ಮೆಯೂ ತಪ್ಪಾಯಿತು ಎಂದು ನಾನು ಹೇಳದೆ ಹೋದದ್ದು ಅವಳಿಗೆ: ನನ್ನ ಹೆಂಡತಿಗೆ.