ಮೇಜುಬಟ್ಟೆ ಮೂಸಿ ಮಾಡಿದ ಅಡುಗೆ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮೇಜುಬಟ್ಟೆ ಒಗೆದು ಇಸ್ತ್ರಿ ಹಾಕುತ್ತಿದ್ದಳು. ಗಂಡ ಅದೇ ಹೋಟೆಲಿನ ಮೇಲಿನ ಮಹಡಿಯಲ್ಲಿ ವೈನ್ ಬಡಿಸುತ್ತಿದ್ದ. ಮನೆಗೆ ಬಂದರೂ ಅದೇ ಮಾತು: ಯಾವ ವೈನಿಗೆ ಯಾವ ಊಟ. ಅವಳು ಬೆಳ್ಳುಳ್ಳಿ ಸುಲಿಯುತ್ತಾ "ಹೂಂ" ಅನ್ನುತ್ತಿದ್ದಳು. ಕಿವಿ ಎಲ್ಲೋ, ಹೂಂ ಎಲ್ಲೋ.

ಒಂದು ದಿನ ಅವನು ಬಾಟಲಿಯೊಂದನ್ನು ತಂದು ಫ್ರಿಜ್ಜಿನಲ್ಲಿಟ್ಟ. ಫ್ರಾನ್ಸಿನ ಬಿಳಿ ವೈನು, ಸಿಹಿಯ ಸುಳಿವೇ ಇಲ್ಲದ್ದು.

"ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬೋ ದಿನ ತೆಗೆಯೋಣ ಕಣೇ. ಇದರ ಜೊತೆಗೆ ಏನು ಮಾಡ್ಬೇಕು ಅಂತ ಹೇಳಿದ್ದೀನಲ್ಲ, ಅದನ್ನೇ ಮಾಡು."

"ಹೂಂ," ಅಂದಳು.

ಏನು ಹೇಳಿದ್ದ? ದೇವರಿಗೇ ಗೊತ್ತು. ಆ ದಿನಕ್ಕೆ ಇನ್ನೂ ನಾಲ್ಕು ತಿಂಗಳಿರುವಾಗ ಎದೆ ನೋವು ಅಂದ, ಕುರ್ಚಿಯಲ್ಲಿ ಕೂತ, ಏಳಲಿಲ್ಲ.

ಬದುಕಿದ್ದಾಗ ಅವನ ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ, ಇದೊಂದನ್ನಾದರೂ ಅವನು ಹೇಳಿದ ಹಾಗೆ ಮಾಡಬೇಕು ಎಂದು ಹಠ ಹಿಡಿದಳು. ಮೇಲಿನ ಅಡುಗೆಯವರನ್ನು ಕೇಳಬಹುದಿತ್ತು. ಅವನ ಹೆಂಡತಿಗೆ ಇಷ್ಟೂ ಗೊತ್ತಿಲ್ವಾ ಅಂದುಬಿಟ್ಟರೆ? ಮಹಾರಾಣಿಗೆ ಮಾನ ಹೋಗುತ್ತದಲ್ಲ! ತನಗೆ ಓದಲು ಬರುವುದನ್ನೇ ನಂಬಿದಳು. ಅವಳಿಗೆ ಓದಲು ಬರುತ್ತಿದ್ದುದು ಮೇಜುಬಟ್ಟೆಯ ಕಲೆ ಮಾತ್ರ. ಬಿಳಿ ವೈನ್ ಚೆಲ್ಲಿದ ಬಟ್ಟೆಯ ಮೇಲೆ ಇನ್ನೇನು ಬಿದ್ದಿದೆ ಎಂದು ನೋಡಿದರಾಯಿತು.

ಒಂದು ವಾರ ಕೊಳೆಬಟ್ಟೆಯ ಗಂಟು ಬಿಚ್ಚಿ ಬಿಚ್ಚಿ ಮೂಸಿದಳು.

"ಏನಕ್ಕಾ, ಪೊಲೀಸ್ ನಾಯಿ ಕೆಲಸ ಸಿಕ್ತಾ?" ಅಂದಳು ಜೊತೆಗೆ ಒಗೆಯುವವಳು.

"ಬಾಯ್ಮುಚ್ಚಿಕೊಂಡು ಸೋಪು ಹಾಕೇ."

ಬಿಳಿ ವೈನ್ ಚೆಲ್ಲಿದ ಹನ್ನೊಂದು ಬಟ್ಟೆಯಲ್ಲಿ ಒಂಬತ್ತರ ಮೇಲೆ ಮೀನಿನ ವಾಸನೆಯ ಟೊಮೇಟೊ ಸಾಸು, ಮೂಗಿಗೆ ಹತ್ತುವಷ್ಟು ಖಾರದ್ದು. ಸರಿ, ಸಿಕ್ಕಿತು.

ಮದುವೆಗೆ ಇಪ್ಪತ್ತೈದು ತುಂಬಿದ ದಿನ ಮಧ್ಯಾಹ್ನ ನಾದಿನಿ ಬಂದಳು. ಅಣ್ಣನಿಂದ ವೈನ್ ಕುಡಿಯುವುದನ್ನು ಕಲಿತವಳು ಅವಳೊಬ್ಬಳೇ. ಇವಳು ಒಳ್ಳೆಯ ಮೀನು ತಂದು ಕೆಂಪು ಸಾಸಿನಲ್ಲಿ ಮುಳುಗಿಸಿ ಬೇಯಿಸಿದಳು. ಅದು ಬೇಯುವ ತನಕ ಬಾಯಾಡಿಸಲು ಇರಲಿ ಎಂದು ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ಕರಿದು, ಉಪ್ಪು ಉದುರಿಸಿ ಇಟ್ಟಳು.

ನಾದಿನಿ ಒಂದು ತುತ್ತು ಮೀನು ತಿಂದು ಒಂದು ಗುಟುಕು ವೈನ್ ಕುಡಿದಳು. ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು.

"ಅಯ್ಯೋ ಅತ್ತಿಗೆ, ತಗಡು ನೆಕ್ಕಿದ ಹಾಗಿದೆ! ಇದನ್ನ ಮಾಡೋಕೆ ಯಾರು ಹೇಳಿದ್ರು?"

"ಮೇಜುಬಟ್ಟೆ."

ಕಥೆಯೆಲ್ಲ ಕೇಳಿ ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರುಚಿಯಾಗಿದ್ದನ್ನ ಜನ ತಿಂದುಬಿಟ್ಟಿರ್ತಾರೆ ಅತ್ತಿಗೆ! ಚೆಲ್ಲಿದ್ದು, ಉಗುಳಿದ್ದು ತಾನೇ ನಿಮ್ಮ ಹತ್ರ ಬರೋದು?"

ಹತ್ತೊಂಬತ್ತು ವರ್ಷದ ಪಾಂಡಿತ್ಯ ಅಲ್ಲೇ ಮಣ್ಣು ಮುಕ್ಕಿತು. ತಾನೂ ಮೀನು ತಿಂದು ಕೆಟ್ಟ ಬಾಯಿ ಸರಿಮಾಡಿಕೊಳ್ಳಲು ಇವಳು ಎರಡು ಹೋಳು ಆಲೂಗಡ್ಡೆ ಹಾಕಿಕೊಂಡು, ಮೇಲೊಂದು ಗುಟುಕು ಕುಡಿದಳು.

ಕುಡಿದವಳು ಹಾಗೇ ಕೂತಳು. ಎಣ್ಣೆಯ ಜಿಡ್ಡು ಹೋಗಿತ್ತು, ಉಪ್ಪು ಉಳಿದಿತ್ತು, ನಾಲಿಗೆ ಇನ್ನೊಂದು ಹೋಳು ಬೇಡುತ್ತಿತ್ತು. ಅದರ ಹಿಂದೆಯೇ ಅವನ ದನಿ ಬಂತು. ಅಂದು ಅವಳು ಒಲೆಯ ಮುಂದೆ, ಅವನ ಕೈ ಆಲೂಗಡ್ಡೆಯ ತಟ್ಟೆಯಲ್ಲಿ. "ಆ ವೈನಿಗೆ ಮೀನೂ ಬೇಡ, ಮಣ್ಣೂ ಬೇಡ ಕಣೇ. ನಿನ್ನ ಈ ಉಪ್ಪಾಲೂಗಡ್ಡೆ ಇದ್ರೆ ಸಾಕು. ಕೇಳಿಸ್ತಾ?"

"ಹೂಂ, ಮೊದ್ಲು ಕೈ ತೆಗೀರಿ," ಅಂದಿದ್ದಳು.

"ಯಾಕತ್ತಿಗೆ, ಕಣ್ಣಲ್ಲಿ ನೀರು? ಖಾರ ಹತ್ತಿತಾ?"

ಅವಳು ತಟ್ಟೆಯನ್ನು ಅವನ ಖಾಲಿ ಕುರ್ಚಿಯ ಕಡೆಗೆ ಸರಿಸಿದಳು.

"ಹೂಂ," ಅಂದಳು. ಈ ಸಲ ಕೇಳಿಸಿಕೊಂಡೇ ಅಂದದ್ದು.

ಮೀನನ್ನು ಹಿತ್ತಲ ಬೆಕ್ಕಿಗೆ ಹಾಕಿದರು. ಅದೂ ಮೂಸಿ, ಮುಖ ತಿರುಗಿಸಿಕೊಂಡು ಹೋಯಿತು.