ಕಟ್ಟೆಯ ಮೇಲಿನ ಮೋಟಾರು

ಹೊಳೆಯಿಂದ ನೀರೆತ್ತುವ ಪಂಪಿನ ಮೋಟಾರು ಮನೆಯ ಕಟ್ಟೆಗೆ ಬಂದು, ಗೋಣಿಚೀಲ ಹೊದ್ದು, ಮುನಿಸಿಕೊಂಡ ಬೀಗರಂತೆ ಕುಳಿತಿತೆಂದರೆ ನಮ್ಮ ಕೊಣ್ಣೂರಿನಲ್ಲಿ ಮಳೆಗಾಲ ಬಂದಂತೆ. ಘಟಪ್ರಭೆ ಏರುವ ಮೊದಲೇ ದಂಡೆಯಿಂದ ಅದನ್ನು ಎಳೆದು ತರದಿದ್ದರೆ ಅದು ನಮ್ಮನ್ನು ಬಿಟ್ಟು ಕೃಷ್ಣೆಯ ಕಡೆ ಹೊರಡುತ್ತದೆ. ಆಮೇಲೆ ಬೇಸಿಗೆಯಲ್ಲಿ ನೀರಿಲ್ಲದೆ ಕಬ್ಬು ಒಣಗುತ್ತದೆ. ಯಾವಾಗ ತರಬೇಕೆಂಬುದಕ್ಕೆ ನನ್ನದೊಂದು ನಿಯಮವಿತ್ತು: ಹಿಡಕಲ್ ಅಣೆಕಟ್ಟಿನ ಗೇಟು ತೆರೆದ ಸುದ್ದಿ ಬಂದ ದಿನ, ವಾಯುವಿಹಾರ, ಸ್ನಾನ, ಉಪಾಹಾರಗಳು ಕ್ರಮವಾಗಿ ಮುಗಿದ ಮೇಲೆ. ಬಹುಕಾಲ ಭೂಗೋಳ ಕಲಿಸಿದವನ ಮಾತೆಂದು ಪಕ್ಕದ ಹೊಲದ ಬಸಪ್ಪನೂ ಅದನ್ನೇ ಪಾಲಿಸುತ್ತಿದ್ದ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಹಿರಣ್ಯಕೇಶಿ ನದಿಯ ಕಡೆಯ ಕಣಗಲಾದಲ್ಲಿರುವ ತನ್ನ ಅಣ್ಣನೊಡನೆ ಫೋನಿನಲ್ಲಿ ಮಾತಾಡಿದ ನನ್ನ ಹೆಂಡತಿ, "ಮೋಟಾರ್ ಮ್ಯಾಲೆ ತರ್ರಿ. ಹಿರಣ್ಯಕೇಶಿ ತುಂಬಿ ಹರಿಯಾಕತ್ತೈತಂತ," ಎಂದಳು.

"ಗೇಟ್ ಇನ್ನೂ ತಗದಿಲ್ಲ," ಎಂದೆ.

"ಹಿರಣ್ಯಕೇಶಿಗೆ ನಿಮ್ಮ ಗೇಟ್ ಎಲ್ಲೈತ್ರಿ? ಅದು ಡ್ಯಾಮ್ ದಾಟಿದ ಮ್ಯಾಲೆ ಬಂದು ಕೂಡತೈತಿ. ಸಾಲ್ಯಾಗ ಏನ್ ಕಲಿಸಿದ್ರಿ?"

ಇದನ್ನೇ ಕಲಿಸಿದ್ದೆ. ಆದರೆ ನೀವೇ ಹೇಳಿ, ಕರಿಹಲಗೆಯ ಮೇಲೆ ಘಟಪ್ರಭೆಯನ್ನು ದಪ್ಪಗೆ, ಉಪನದಿಗಳನ್ನು ತೆಳ್ಳಗೆ ಎಳೆದೂ ಎಳೆದೂ, ತೆಳುಗೆರೆಯಲ್ಲಿ ತೆಳುನೀರೇ ಹರಿಯುತ್ತದೆಂಬ ನಂಬಿಕೆ ಮೇಷ್ಟರಿಗೇ ಬಂದರೆ ಏನು ಮಾಡುವುದು?

ನಾನು ಉಪ್ಪಿಟ್ಟು ಮುಗಿಸಿ ಹೊಳೆಗೆ ಹೋಗುವಷ್ಟರಲ್ಲಿ ಅವಳು ಬಸಪ್ಪನನ್ನು ದಂಡೆಗಿಳಿಸಿ, ಅವನ ಮೋಟಾರನ್ನು ಮೇಲೆ ತರಿಸಿಯಾಗಿತ್ತು. ನಮ್ಮದರ ಬುಡಕ್ಕೆ ಕೆಂಪು ನೀರು ತಾಗುತ್ತಿತ್ತು. ಇಸ್ತ್ರಿಯ ಧೋತರವನ್ನು ಎತ್ತಿ ಕಟ್ಟಿ ನಾನೂ ಹಗ್ಗ ಹಿಡಿದೆ.

"ಸರ, ನೀವು ಬರೇ ಎಣಸ್ರಿ. ಜಗ್ಗೋದು ನಮಗ ಬಿಡ್ರಿ," ಎಂದ ಬಸಪ್ಪ.

ಎಣಿಸಿದೆ. ಮೂರು ಎನ್ನುವಷ್ಟರಲ್ಲಿ ಮೋಟಾರು ದಂಡೆಯ ಮೇಲಿತ್ತು, ನಾನು ಕೆಸರಿನಲ್ಲಿದ್ದೆ. ಮಧ್ಯಾಹ್ನಕ್ಕೆ ಆ ಜಾಗವೇ ಕಾಣಲಿಲ್ಲ. ಅಣೆಕಟ್ಟಿನ ಗೇಟು ಆಗಲೂ ಮುಚ್ಚಿಯೇ ಇತ್ತು.

ವಾರ ಕಳೆದು ನೀರಿಳಿಯಿತು. ಮುನಿಸು ಇಳಿದ ಬೀಗರ ಪಕ್ಕ ಕೂತಂತೆ ಕಟ್ಟೆಯ ಮೇಲೆ ಮೋಟಾರಿನ ಪಕ್ಕ ಕೂತು ನಾನು ಚಹಾ ಕುಡಿಯುತ್ತಿದ್ದಾಗ ಬಸಪ್ಪ ಬಂದ. ನನಗೆ ನಮಸ್ಕಾರ ಹೇಳಿ, ನನ್ನ ತಲೆಯ ಮೇಲಿಂದ ಒಳಗೆ ಇಣುಕಿ ಕೇಳಿದ: "ಅಕ್ಕಾರ, ಮೋಟಾರ್ ಇಳಸೂಣೇನ್ರಿ?"

"ತಡಿಯಪಾ, ಅಣ್ಣಗ ಕೇಳತೇನಿ," ಎಂದಳು.

ನಾನು ಚಹಾದ ಲೋಟ ಕೆಳಗಿಟ್ಟು ಎದ್ದು, ಚಾರ್ಜಿಗಿಟ್ಟಿದ್ದ ಅವಳ ಫೋನು ತಂದುಕೊಟ್ಟೆ.